ಬಾದಾಮಿ ಪಟಾಕಿ

ಬಾದಾಮಿಯನ್ನು ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸಬಾರದು. ಒತ್ತಿ ಬಿಡಬೇಕು, ಮತ್ತೆ ಒತ್ತಿ ಬಿಡಬೇಕು. ಮೈಮರೆತು ಸ್ವಲ್ಪ ಹೆಚ್ಚು ಹೊತ್ತು ಓಡಿಸಿದರೆ ಹಿಟ್ಟು ಎಣ್ಣೆ ಬಿಟ್ಟುಕೊಂಡು ಜಾರಿನ ತಳಕ್ಕೆ ಗೋಂದಿನ ಹಾಗೆ ಅಂಟಿ ಕೂರುತ್ತದೆ. ಆಮೇಲೆ ಅದರಲ್ಲಿ ಬರ್ಫಿ ಮಾಡಬಹುದು, ಕ್ರ್ಯಾಕರ್ ಆಗುವುದಿಲ್ಲ. ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೆನೋ ಆ ನನ್ನ ಅತ್ತಿಗೆಗೆ, ಅಂದರೆ ನಮ್ಮ ಯಜಮಾನರ ಅಕ್ಕನಿಗೆ, ಬರ್ಫಿ ಕೊಡುವ ಹಾಗಿರಲಿಲ್ಲ. ಶುಗರ್ ಇತ್ತು. ಹಾಗಾಗಿ ನನ್ನ ಕೈಯಲ್ಲಿ ಕೆಟ್ಟ ಹಿಟ್ಟಿನ ಬರ್ಫಿಯನ್ನೆಲ್ಲ ತಿಂದು ಆ ವರ್ಷಗಳಲ್ಲಿ ದಪ್ಪಗಾದವರು ನಮ್ಮ ಯಜಮಾನರು.

ಅಕ್ಕಿ, ಗೋಧಿ, ರಾಗಿ, ಬೇಳೆ ಯಾವುದನ್ನೂ ಮುಟ್ಟಿಸದೆ ಮಾಡುವ ಈ ಉಪ್ಪು ಬಿಸ್ಕತ್ತು ಈಗ ಪೇಟೆಯಲ್ಲಿ ಚೆಂದದ ಡಬ್ಬಿಗಳಲ್ಲಿ ಸಿಗುತ್ತದಂತೆ. ಹೆಲ್ತಿಗೆ ಒಳ್ಳೆಯದು ಎಂದು ಹುಡುಗಿಯರು ತಿನ್ನುತ್ತಾರಂತೆ. ನಾನು ಅದನ್ನು ಮಾಡುತ್ತಿದ್ದ ಕಾಲದಲ್ಲಿ ಹೆಲ್ತಿನ ಮಾತು ಆಮೇಲಿನದು. ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಾಲ್ಕು ಎಲೆ ಹಾಕುತ್ತಿದ್ದೆವು. ಕೂರುತ್ತಿದ್ದವರು ಮೂವರು. ನಾಲ್ಕನೆಯ ಎಲೆಯಲ್ಲಿ ಅನ್ನ ಬಡಿಸಿರುತ್ತಿತ್ತು, ತಿನ್ನುವವನು ಇರಲಿಲ್ಲ. ಅದರ ಪಕ್ಕದ ಎಲೆಯಲ್ಲಿ ಅತ್ತಿಗೆ ಕೂರುತ್ತಿದ್ದರು. ಅವರ ಎಲೆಯಲ್ಲಿ ಅನ್ನ ಇರುತ್ತಿರಲಿಲ್ಲ.

ನಾಲ್ಕನೆಯ ಎಲೆ ನನ್ನ ಮೈದುನನದು.

ಬಾಳೂರು ದಾಟಿ ಕಳಸದ ಕಡೆ ಹೋಗುವಾಗ ಎಡಕ್ಕೆ ಇಳಿಯುವ ಮಣ್ಣಿನ ದಾರಿಯ ಕೊನೆಗೆ ನಮ್ಮ ಕಾಫಿ ತೋಟ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯಾಗಿ ಅಲ್ಲಿಗೆ ಬಂದಾಗ ಮನೆ ನಡೆಸುತ್ತಿದ್ದವರು ಅತ್ತಿಗೆ. ಗಂಡ ತೀರಿಹೋದ ಮೇಲೆ ತವರಿಗೆ ಬಂದವರು, ಅಷ್ಟರಲ್ಲಿ ಇಲ್ಲಿ ಅವರ ತಾಯಿಯೂ ಹೋದರು. ಕಿರಿಯ ತಮ್ಮ ಆಗಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅವನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡವರು ಆಮೇಲೆ ಇಳಿಸಲೇ ಇಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ನಾನು ಬರುವ ಹೊತ್ತಿಗೆ ಆ ಮಗು ನನ್ನದೇ ವಯಸ್ಸಿನ, ಬಾಗಿಲಿಗೆ ತಲೆ ತಗುಲುವಷ್ಟು ಉದ್ದದ ಹುಡುಗ. ನನ್ನನ್ನು ‘ಮೇಡಂ’ ಎಂದು ಕರೆಯುತ್ತಿದ್ದ.

ಮದುವೆಯಾದ ಹೊಸದರಲ್ಲಿ ನನಗೆ ಆ ಮನೆಯಲ್ಲಿ ಬಹಳ ನೆನಪಾಗುತ್ತಿದ್ದದ್ದು ಕಾನ್ವೆಂಟಿನ ನಾಲ್ಕು ಗಂಟೆಯ ಟೀ ಮತ್ತು ಅದರ ಜೊತೆಗಿನ ಕ್ರೀಮ್ ಕ್ರ್ಯಾಕರ್. ನಾಚಿಕೆ ಬಿಟ್ಟು ಒಂದು ದಿನ ಮೈದುನನಿಗೆ ಹೇಳಿದೆ, “ಪೇಟೆ ಕಡೆ ಹೋದ್ರೆ ನನಗೊಂದು ಪ್ಯಾಕೆಟ್ ಕ್ರ್ಯಾಕರ್ಸ್ ತರ್ತೀರಾ?” ಅವನು ಆಲ್ದೂರಿಗೆ ಹೋಗಿದ್ದವನು ಸಂಜೆ ಬಂದು ನನ್ನ ಕೈಗೆ ಕೊಟ್ಟದ್ದು ಒಂದು ಕಟ್ಟು ಸರಪಟಾಕಿ. ದೀಪಾವಳಿ ಎಷ್ಟೋ ದೂರವಿತ್ತು.

“ಅಂಗಡಿಯವ್ರು ನಕ್ಕರು ಮೇಡಂ. ಈಗ ಯಾರಿಗೆ ಪಟಾಕಿ ಅಂದ್ರು. ನಮ್ಮನೇಲಿ ಹೊಸ ಸೊಸೆ ಬಂದಿದಾರೆ, ಕಾನ್ವೆಂಟಿನವ್ರು, ಟೀ ಜೊತೆ ಬೇಕಂತೆ ಅಂದೆ.”

ಅವತ್ತಿನಿಂದ ನಮ್ಮ ಮನೆಯಲ್ಲಿ ಕ್ರ್ಯಾಕರ್ ಎಂದರೆ ಪಟಾಕಿ. ಆಮೇಲೆ ಅವನೇ ಹುಡುಕಿ ತಂದ ಬಿಸ್ಕತ್ತನ್ನು ಉಗ್ರಾಣದ ಗೋಣಿಚೀಲಗಳ ಮೇಲೆ ಕೂತು ಇಬ್ಬರೂ ತಿನ್ನುತ್ತಿದ್ದೆವು. ಅತ್ತಿಗೆ ಬಾಗಿಲಲ್ಲಿ ನಿಂತು, “ಸದ್ದು ಕೇಳಿದ್ರೆ ಇಲಿ ಅನ್ಕೋಬೇಕಾ, ನೀವು ಅನ್ಕೋಬೇಕಾ?” ಎನ್ನುತ್ತಿದ್ದರು.

ಅವನು ಹೋದದ್ದು ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಕಾಫಿ ಹೂವರಳಿಸುವ ಹೂಮಳೆ ಬಂದಿರಲಿಲ್ಲ. ಕಾಫಿ ಗಿಡದ ಮೊಗ್ಗು ಒಣಗುತ್ತಿತ್ತು, ಹಳ್ಳದಿಂದ ನೀರೆತ್ತುವ ಪಂಪ್‌ಸೆಟ್ಟು ಕೆಟ್ಟು ಕೂತಿತ್ತು. ಅದನ್ನು ರಿಪೇರಿ ಮಾಡಿಸುವ ಕೆಲಸ ಅವನ ಪಾಲಿನದು, ನಾಳೆ ನಾಳೆ ಎನ್ನುತ್ತಿದ್ದ. ಆ ಮಧ್ಯಾಹ್ನ ಊಟಕ್ಕೆ ಕೂತು ಸಾರನ್ನ ಕಲಸಿ ಇನ್ನೂ ಮೊದಲ ತುತ್ತು ಎತ್ತಿದ್ದನೋ ಇಲ್ಲವೋ, ಹುಳಿ ಬಡಿಸುತ್ತಿದ್ದ ಅತ್ತಿಗೆ ಹೇಳಿದರು, “ಉಣ್ಣೋಕೆ ಮಾತ್ರ ಟೈಮಿಗೆ ಸರಿಯಾಗಿ ಬರ್ತೀಯ ಮಾರಾಯ.”

ಎಲ್ಲ ಅಕ್ಕಂದಿರೂ ಹೇಳುವ ಮಾತು. ಅದಕ್ಕಿಂತ ದೊಡ್ಡ ಮಾತುಗಳನ್ನು ಅವರಿಬ್ಬರೂ ನಗುತ್ತಲೇ ಆಡಿಕೊಂಡಿದ್ದರು. ಅವತ್ತು ಯಾಕೋ ಅವನು ನಗಲಿಲ್ಲ. ಎಲೆ ಬಿಟ್ಟು ಎದ್ದ. ಕೈ ತೊಳೆದ. ಜೀಪು ಸ್ಟಾರ್ಟ್ ಆದ ಸದ್ದು ಕೇಳಿತು. ಪಂಪಿನ ಸಾಮಾನು ತರಲು ಮೂಡಿಗೆರೆಗೆ ಹೊರಟಿದ್ದನಂತೆ. ದಾರಿಯ ಒಂದು ತಿರುವಿನಲ್ಲಿ ಜೀಪು ಕೆಳಕ್ಕೆ ಹೋಯಿತು. ಸುದ್ದಿ ಬಂದಾಗ ನಾವಿನ್ನೂ ಎಲೆ ತೆಗೆದಿರಲಿಲ್ಲ. ಕಲಸಿದ ಅನ್ನ ಹಾಗೇ ಇತ್ತು, ಬೆರಳಿನ ಗುರುತುಗಳ ಸಮೇತ.

ಮೂರ್ನಾಲ್ಕು ವರ್ಷ ಕಳೆದ ಮೇಲೆ, ತೊಂಬತ್ತರ ದಶಕ ಶುರುವಾದ ಮೇಲೆ, ಅತ್ತಿಗೆ, ಯಜಮಾನರು ಇಬ್ಬರೂ ಕಾಶಿ, ಗಯೆಗೆ ಹೋಗಿ ಅವನಿಗೆ ಪಿಂಡ ಹಾಕಿ ಬಂದರು. ಗಯೆಗೆ ಹೋದವರು ಅಲ್ಲಿ ಇಷ್ಟದ ತಿನಿಸೊಂದನ್ನು ಜೀವನಪೂರ್ತಿ ಬಿಟ್ಟು ಬರುವ ಪದ್ಧತಿ ನಿಮಗೆ ಗೊತ್ತಿರಬಹುದು. ನಮ್ಮ ಕಡೆಯ ಜನ ಇದರಲ್ಲಿ ಬಹಳ ಜಾಣರು. ಹಾಗಲಕಾಯಿ ಕಂಡರಾಗದವರು ಹಾಗಲಕಾಯಿ ಬಿಟ್ಟು ಬರುತ್ತಾರೆ. ನಮ್ಮ ನೆಂಟರೊಬ್ಬರು ಸೇಬು ಬಿಟ್ಟಿದ್ದರು, ಸೇಬು ಅವರ ಊರಿನ ಮುಖವನ್ನೇ ನೋಡದ ಕಾಲದಲ್ಲಿ. ನಮ್ಮ ಯಜಮಾನರೂ ಅಕ್ಕನಿಗೆ ದಾರಿಯುದ್ದಕ್ಕೂ ಹಾಗಲಕಾಯಿಯ ಉಪದೇಶ ಮಾಡಿದ್ದರಂತೆ. ಆದರೆ ಪಿಂಡ ಹಾಕಿಸುವ ಅಲ್ಲಿಯ ಪುರೋಹಿತ, ಪಂಡಾ, ಏನು ಬಿಡುತ್ತೀರಿ ಎಂದು ಕೇಳಿದಾಗ ಅತ್ತಿಗೆ ಹೇಳಿದ್ದು ಒಂದೇ ಮಾತು: “ಅನ್ನ.”

ಇಲ್ಲೇ ನೋಡಿ ಎಡವಟ್ಟಾದದ್ದು. ಅತ್ತಿಗೆಗೆ ಅನ್ನ ಎಂದರೆ ಬೇಯಿಸಿದ ಅಕ್ಕಿ, ನಮಗೆಲ್ಲರಿಗೂ ಇರುವ ಹಾಗೆ. ಆ ಪಂಡಾನ ಹಿಂದಿಯಲ್ಲಿ ಅನ್ನ ಎಂದರೆ ಸಮಸ್ತ ಧಾನ್ಯ. ಅವನು ಗಾಬರಿಯಾಗಿ ಇವರ ಮುಖ ನೋಡಿದನಂತೆ. ಆಮೇಲೆ ಬೆರಳು ಮಡಿಸುತ್ತ ಗೋಧಿ, ಅಕ್ಕಿ, ಜೋಳ, ಬೇಳೆ ಎಂದು ಒಂದೊಂದೇ ಹೆಸರು ಹೇಳಿ, ಎಲ್ಲವನ್ನೂ ಬಿಡುತ್ತೀಯಾ ತಾಯಿ ಎಂದು ಕೈಸನ್ನೆಯಲ್ಲಿ ಕೇಳಿದ. ಯಜಮಾನರು ಬೇಡ ಬೇಡ ಎನ್ನುವಷ್ಟರಲ್ಲಿ ಅತ್ತಿಗೆ ತಲೆಯಾಡಿಸಿ ನೀರು ಬಿಟ್ಟಾಗಿತ್ತು.

ವಾಪಸು ಬಂದ ಮರುದಿನವೇ ಅವರು ನಾಲ್ಕನೆಯ ಎಲೆ ಹಾಕಿದರು. “ಅವನು ಬಿಟ್ಟು ಎದ್ದ ಅನ್ನ ಅವನಿಗೆ ಸೇರಲಿ. ನಂದೂ ಅವನಿಗೇ,” ಎಂದರು.

ಯಜಮಾನರಿಗೆ ಇದು ನುಂಗಲಾರದ ತುತ್ತು. “ಊರಿಗೆಲ್ಲ ಹದಿನೈದು ದಿನಕ್ಕೊಂದು ಏಕಾದಶಿ, ನಮ್ಮಕ್ಕಂಗೆ ದಿನಾ ಏಕಾದಶಿ,” ಎಂದು ತಮಾಷೆ ಮಾಡುತ್ತಿದ್ದರು. ಊಟವಾದ ಮೇಲೆ ಆ ಎಲೆಯ ಅನ್ನವನ್ನು ಅತ್ತಿಗೆ ಹಿತ್ತಲ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದರು, ಕಾಗೆಗಳು ಸಂತೋಷವಾಗಿ ತಿನ್ನುತ್ತಿದ್ದವು. ಒಮ್ಮೆ ಯಜಮಾನರು ಕೇಳಿದರು, “ಕಾಗೆ ತಿಂತಲ್ಲಕ್ಕ, ಸಾಕಲ್ವಾ? ಅವನಿಗೆ ಸೇರಿತು ಅಂತ ತಾನೇ ಅರ್ಥ?”

“ಕಾಗೆ ತಿಂದಿದ್ದು ಕಾಗೆ ಹೊಟ್ಟೆಗೆ ಹೋಗತ್ತೆ,” ಎಂದರು ಅತ್ತಿಗೆ. “ಅವನು ಬಂದು ಉಂಡ ದಿನ ನಾನೂ ಉಣ್ತೀನಿ. ಅಲ್ಲಿವರೆಗೆ ನನ್ನ ಹತ್ರ ಈ ಮಾತು ಬೇಡ.”

ಇನ್ನು ಒಂದು ಸದ್ದಿನ ವಿಷಯ ಹೇಳಬೇಕು. ಹೇಳುವಾಗ ಈಗಲೂ ಹಿಂಜರಿಕೆ. ನಾನು ಸಿಸ್ಟರುಗಳ ಕೈಯಲ್ಲಿ ಬೆಳೆದವಳು, ಸೂಪರ್‌ಸ್ಟಿಷನ್ ಎಂಬ ಪದವನ್ನು ಸ್ಪೆಲ್ಲಿಂಗ್ ಸಮೇತ ಬಾಯಿಪಾಠ ಮಾಡಿದವಳು. ದೆವ್ವ ಭೂತ ಎಂದರೆ ನನಗೆ ರಾತ್ರಿ, ಕತ್ತಲು, ಗಾಳಿ. ನಮ್ಮ ಮನೆಯಲ್ಲಿ ಅದು ಮಧ್ಯಾಹ್ನ ಬರುತ್ತಿತ್ತು, ಚೆನ್ನಾಗಿ ಬಿಸಿಲಿರುವಾಗ, ಅನ್ನದ ಚರಿಗೆಯಿಂದ ಹಬೆ ಏಳುವ ಹೊತ್ತಿಗೆ. ಮೊದಲು ಹಿಂದಿನ ಜಗಲಿಯಲ್ಲಿ ರಬ್ಬರ್ ಚಪ್ಪಲಿ ಬಿಡುವ ಸದ್ದು, ಪಟ್, ಪಟ್. ಆಮೇಲೆ ಬಚ್ಚಲಿನ ಹತ್ತಿರ ತಂಬಿಗೆಯಿಂದ ಕಾಲಿಗೆ ನೀರು ಹಾಕಿಕೊಂಡ ಸದ್ದು. ಅಷ್ಟೇ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಬಹಳ ಹೊತ್ತು ಇರುತ್ತಿತ್ತು, ಯಾರೋ ಬಾಗಿಲಿನ ಆಚೆ ನಿಂತು, ಕರೆಯಲಿ ಎಂದು ಕಾಯುತ್ತಿರುವ ಹಾಗೆ. ಎಷ್ಟೋ ಸಲ ನಾನು ಎದ್ದು ಹೋಗಿ ನೋಡಿದ್ದೇನೆ. ಜಗಲಿ ಒಣಗಿರುತ್ತಿತ್ತು.

ಯಜಮಾನರು ಅದನ್ನು ಬಿದಿರು ಮೆಳೆಯ ಸದ್ದು ಎನ್ನುತ್ತಿದ್ದರು. ಆದರೆ ಆ ಸದ್ದು ಆಗಿ ಮುಗಿಯುವವರೆಗೆ ಅವರೂ ಕಲಸಿದ ತುತ್ತನ್ನು ಬಾಯಿಗೆ ಇಡುತ್ತಿರಲಿಲ್ಲ.

“ಕರೀಬೇಕು ಕಣೆ ಅವನನ್ನ. ಕರೆದ್ರೆ ಬರ್ತಾನೆ,” ಎಂದು ಅತ್ತಿಗೆ ಒಮ್ಮೆ ನನ್ನ ಹತ್ತಿರ ಹೇಳಿದರು. “ಊಟಕ್ಕೆ ಬಾ ಅನ್ನಬೇಕು. ನನ್ನ ಬಾಯಲ್ಲಿ ಆ ಮಾತು ಬರಲ್ಲ ಮಾರಾಯ್ತಿ. ಊಟ ಅಂತ ಬಾಯಿ ತೆಗೆದ್ರೆ ಅವತ್ತು ಹೇಳಿದ್ದೇ ಬರತ್ತೆ ಅಂತ ಹೆದರಿಕೆ.”

ಮೊದಲ ಕೆಲವು ವರ್ಷ ಅವರು ಗೆಣಸು, ಸುವರ್ಣಗೆಡ್ಡೆ, ಬಾಳೆಹಣ್ಣು, ಹಾಲು ಎಂದು ಹೇಗೋ ಕಳೆದರು. ಆಮೇಲೆ ಕಾಲಿನ ಗಾಯವೊಂದು ಮಾಯದೆ ಮೂಡಿಗೆರೆಯ ಡಾಕ್ಟರ ಹತ್ತಿರ ಹೋದಾಗ ಶುಗರ್ ಇರುವುದು ತಿಳಿಯಿತು. ಅವರ ವ್ರತದ ಕತೆ ಕೇಳಿ ಡಾಕ್ಟರು, “ಅನ್ನ ಬಿಟ್ಟಿದ್ದು ಒಳ್ಳೇದೇ ಆಯ್ತಮ್ಮ, ಗೆಣಸೂ ಬಿಡಿ, ಬಾಳೆಹಣ್ಣೂ ಬಿಡಿ,” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ ಕಿಟಕಿಯಾಚೆ ನೋಡುತ್ತ, “ಗಯೆಯ ಪಂಡಾನೇ ವಾಸಿ, ಹಣ್ಣಾದ್ರೂ ಬಿಟ್ಟಿದ್ದ,” ಎಂದರು.

ಉಳಿದದ್ದು ತರಕಾರಿ, ಮಜ್ಜಿಗೆ, ತೆಂಗಿನಕಾಯಿ. ಬಾದಾಮಿ, ಗೋಡಂಬಿ ಕೊಟ್ಟರೆ ದವಡೆಯ ಹಲ್ಲು ಇಲ್ಲ. ಹಸಿವಾದಾಗ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂರುವುದನ್ನು ಕಲಿತರು. ರವಿಕೆಯ ತೋಳು ಜೋಲಾಡತೊಡಗಿತು. ಬೆಳಿಗ್ಗೆ ನಾನು ಯಜಮಾನರಿಗೆ ಅಕ್ಕಿರೊಟ್ಟಿ ತಟ್ಟುವಾಗ ಒಲೆಯ ಹತ್ತಿರ ಬಂದು ಕೂತು ಬರೀ ವಾಸನೆ ತೆಗೆದುಕೊಳ್ಳುತ್ತಿದ್ದರು. ಅದನ್ನು ನೋಡಲಾಗದೆ ಒದ್ದಾಡುವಾಗ ನನಗೆ ಅಡುಗೆ ಕಲಿಸುತ್ತಿದ್ದ ನಮ್ಮ ಡೊಮೆಸ್ಟಿಕ್ ಸೈನ್ಸ್ ಸಿಸ್ಟರ್ ನೆನಪಾದರು.

ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರಿಗೆ ಗೋಧಿ ಒಗ್ಗುತ್ತಿರಲಿಲ್ಲ, ತಿಂದರೆ ಹೊಟ್ಟೆ ಕೆಡುತ್ತಿತ್ತು. ಕ್ರಿಸ್‌ಮಸ್ಸಿಗೆ ಮಾರ್ಜಿಪಾನ್ ಎಂಬ ಸಿಹಿ ಮಾಡಲು ಬಾದಾಮಿ ಪುಡಿ ಮಾಡುತ್ತಿದ್ದರಲ್ಲ, ಅದರಲ್ಲಿ ಸ್ವಲ್ಪ ತೆಗೆದಿಟ್ಟು, ಉಪ್ಪು, ಮೆಣಸು, ಮೊಟ್ಟೆಯ ಬಿಳಿ ಸೇರಿಸಿ ಅವರಿಗೆಂದೇ ನಮ್ಮ ಅಡುಗೆ ಸಿಸ್ಟರ್ ತೆಳ್ಳಗಿನ ಬಿಸ್ಕತ್ತು ಬೇಯಿಸುತ್ತಿದ್ದರು. ಬೇಯಿಸುವ ಮೊದಲು ಫೋರ್ಕಿನಿಂದ ಚುಚ್ಚುತ್ತ, “ಲೆಟ್ ಇಟ್ ಬ್ರೀದ್, ಗರ್ಲ್ಸ್,” ಎನ್ನುತ್ತಿದ್ದರು. ಚುಚ್ಚದಿದ್ದರೆ ಪೂರಿಯ ಹಾಗೆ ಉಬ್ಬಿ ಹಾಳಾಗುತ್ತದೆ.

ನಮ್ಮ ಅಡುಗೆಮನೆಗೆ ಮೊಟ್ಟೆ ಬರುವ ಮಾತೇ ಇಲ್ಲ. ಅದರ ಬದಲು ತುಪ್ಪ ಹಾಕಿ ಕಲಸಿದೆ. ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳದೆ ಮರಳಿನಂತೆ ಉದುರಿತು. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತ ಹೋದರೆ ಒಂದು ಹಂತದಲ್ಲಿ ಮುಷ್ಟಿಗೆ ಬರುತ್ತದೆ, ಅದನ್ನು ದಾಟಿದರೆ ಅಂಟುತ್ತದೆ. ಆ ಹಂತ ಕೈಗೆ ಸಿಗಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಲಟ್ಟಿಸಲು ಬಟರ್ ಪೇಪರ್ ಎಲ್ಲಿಂದ ತರುವುದು? ಬಾಳೆಲೆಯನ್ನು ಬೆಂಕಿಯ ಮೇಲೆ ಬಾಡಿಸಿ, ಎರಡು ತುಂಡಿನ ಮಧ್ಯೆ ಹಿಟ್ಟಿಟ್ಟು ಮೇಲಿಂದ ಲಟ್ಟಣಿಗೆ ಆಡಿಸಿದೆ. ಮೇಲಿನ ಎಲೆ ಬಿಡಿಸಿದಾಗ ಎಲೆಯ ಗೆರೆಗಳೆಲ್ಲ ಹಿಟ್ಟಿನ ಮೇಲೆ ಅಚ್ಚೊತ್ತಿರುತ್ತಿದ್ದವು. ತೋಟದ ಕಾಳುಮೆಣಸು, ತರಿತರಿ ಕುಟ್ಟಿದ ಜೀರಿಗೆ, ಉಪ್ಪು. ಚಾಕುವಿನಲ್ಲಿ ಚೌಕ ಕೊಯ್ದು, ಫೋರ್ಕಿನಲ್ಲಿ ಚುಚ್ಚಿ, ಮದುವೆಗೆ ಉಡುಗೊರೆ ಬಂದ ದುಂಡನೆಯ ಅಲ್ಯೂಮಿನಿಯಮ್ ಓವನ್ನಿನಲ್ಲಿ ಇಡುವುದು. ಕೊಯ್ಲಿನ ಕಾಲದಲ್ಲಿ ಸುತ್ತಲಿನ ತೋಟಗಳಲ್ಲೆಲ್ಲ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವಾಗ ವೋಲ್ಟೇಜು ಬಿದ್ದುಹೋಗಿ ಓವನ್ನು ಉಗುರುಬೆಚ್ಚಗಾಗಿ ಕೂರುತ್ತಿತ್ತು. ಆಗ ಬಾಣಲೆಯ ಕೆಳಗೆ ಸ್ವಲ್ಪ, ಮುಚ್ಚಳದ ಮೇಲೆ ಸ್ವಲ್ಪ ಕೆಂಡ ಹರಡಿ ಬೇಯಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಕೆಂಡದಲ್ಲಿ ಬೆಂದದ್ದೇ ಹೆಚ್ಚು ರುಚಿ.

ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದು, ಕಾಫಿ ಒಣಗುವ ಕಣದ ಮೂಲೆಯಲ್ಲಿ ಪಂಚೆ ಹಾಸಿ ಹರಡುತ್ತಿದ್ದೆ. ಪಕ್ಕದಲ್ಲೇ ತೊಳೆದು ಹರವಿದ, ಒಳಸಿಪ್ಪೆ ಇನ್ನೂ ಇರುವ ಪಾರ್ಚ್‌ಮೆಂಟ್ ಕಾಫಿ ಬೀಜ, ಅದೂ ಅದೇ ಕೆನೆಯ ಬಣ್ಣ. ನಮ್ಮ ತೋಟದ ಮೇಸ್ತ್ರಿ ಒಂದು ದಿನ ಪಂಚೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗಂಭೀರವಾಗಿ ನೋಡಿ, “ಅಮ್ಮಾವ್ರೇ, ಇದು ಯಾವ ಗಿಡದ್ದು? ಇಷ್ಟು ದಪ್ಪ ಬೀಜ ಬಿಟ್ರೆ ನಾವೆಲ್ಲ ಉದ್ಧಾರ,” ಎಂದ.

ಮೊದಲ ಸಲ ತಟ್ಟೆಯಲ್ಲಿಟ್ಟು ಕೊಟ್ಟಾಗ ಅತ್ತಿಗೆ ಮುಟ್ಟಲಿಲ್ಲ.

“ಎಂತದು ಇದು?”

“ಬಾದಾಮಿದು ಅತ್ತಿಗೆ. ಪಟಾಕಿ.”

“ಮೈದಾ ಹಾಕಿದೀಯ. ನಿಮ್ಮ ಕಾನ್ವೆಂಟಿನವರ ಬುದ್ಧಿ ನಂಗೆ ಗೊತ್ತು. ನಾಕು ಮಾತು ಇಂಗ್ಲಿಷಲ್ಲಿ ಹೇಳಿ ಏನು ಬೇಕಾದ್ರೂ ತಿನ್ನಿಸ್ತೀರಿ.”

“ದೇವರಾಣೆ ಇಲ್ಲ. ಬಾದಾಮಿ, ತುಪ್ಪ, ಉಪ್ಪು, ಮೆಣಸು, ಜೀರಿಗೆ.”

“ಯಾವ ದೇವರು? ನಿಮ್ಮ ಸಿಸ್ಟರಮ್ಮನ ದೇವರಾ ನಮ್ಮದಾ?”

“ಎರಡೂ.”

ಅವರು ಒಂದು ಚೂರು ಮುರಿದು ಮುಂದಿನ ಹಲ್ಲಿನಲ್ಲಿ ಕಚ್ಚಿದರು. ತೆಳ್ಳಗಿದ್ದದ್ದರಿಂದ ದವಡೆಗೆ ಕೆಲಸ ಬೀಳಲಿಲ್ಲ. ಇನ್ನೊಂದು ಚೂರು. ಆಮೇಲೆ ಕಣ್ಣು ಮುಚ್ಚಿಕೊಂಡರು. “ರೊಟ್ಟಿ ಕಾವಲಿಯಿಂದ ಏಳುವಾಗ ಅಂಚು ಇರತ್ತಲ್ಲ, ಗರಿಗರಿ,” ಎಂದರು. “ಹಾಗಿದೆ.” ಅಷ್ಟು ಹೇಳಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ಆಮೇಲೆ ವಾರಕ್ಕೆರಡು ಸಲ ಮಾಡತೊಡಗಿದೆ. ಅವರು ಒಮ್ಮೊಮ್ಮೆ ಕಾಫಿಗೆ ಅದ್ದಿ, ಒಮ್ಮೊಮ್ಮೆ ಬೂದುಗುಂಬಳದ ಗೊಜ್ಜಿನ ಜೊತೆ ತಿನ್ನುತ್ತಿದ್ದರು. ಮಧ್ಯಾಹ್ನ ಅವರ ಎಲೆಯಲ್ಲಿ ಪಲ್ಯ ಮತ್ತು ಪಟಾಕಿ, ಪಕ್ಕದ ಎಲೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಸಾರು. ಜಗಲಿಯಲ್ಲಿ ಚಪ್ಪಲಿಯ ಸದ್ದು. ಹೀಗೆ ವರ್ಷಗಳು ಹೋದವು. ಆಶ್ಚರ್ಯವೆಂದರೆ ಇಂಥದ್ದಕ್ಕೂ ಒಗ್ಗಿಹೋಗುತ್ತೇವೆ. ಸದ್ದು ಬರುವುದು ತಡವಾದ ದಿನ ನಾನೇ ಗಡಿಯಾರ ನೋಡುತ್ತಿದ್ದೆ. ಹಬ್ಬದ ಅಡುಗೆ ಮಾಡಿದ ದಿನ, ಇವತ್ತು ಅವನಿಗೆ ಹೋಳಿಗೆ ಇದೆ ಎಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಆ ದೊಡ್ಡ ಮನೆಯಲ್ಲಿ ನನ್ನ ಮೊದಲ ಗೆಳೆಯ ಅವನು.

ಪಟಾಕಿಯಿಂದ ಬಾಯಿಗೆ ರುಚಿ ಬಂತು, ಮೈಗೆ ಹಿಡಿಯಲಿಲ್ಲ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅತ್ತಿಗೆ ಗೋಡೆ ಹಿಡಿದು ನಡೆಯುವಂತಾದರು. ಡಾಕ್ಟರು ಈ ಸಲ ತಮಾಷೆ ಮಾಡಲಿಲ್ಲ. ಯಜಮಾನರನ್ನು ಹೊರಗೆ ಕರೆದು, “ಒಂದು ಹಿಡಿ ಅನ್ನವೋ ಎರಡು ಚಪಾತಿಯೋ ಹೊಟ್ಟೆಗೆ ಹೋಗಲೇಬೇಕು. ಹೀಗೇ ಬಿಟ್ಟರೆ ನಿಮ್ಮ ಅಕ್ಕ ಉಳಿಯೋದಿಲ್ಲ,” ಎಂದರು.

ಯಜಮಾನರು ಕಳಸದ ಕಡೆಯ ಪುರೋಹಿತರನ್ನು ಮನೆಗೆ ಕರೆಸಿದರು. ಪುರೋಹಿತರು ಕಾಫಿ ಕುಡಿದು, ಗಯೆಯ ಕತೆಯನ್ನೆಲ್ಲ ಕೇಳಿ, ತಲೆದೂಗಿದರು.

“ನೋಡಿ ಅಮ್ಮ, ಸಂಕಲ್ಪ ಮಾಡಿದವರ ಮನಸ್ಸಿನಲ್ಲಿ ಏನಿತ್ತೋ ಅದು ಲೆಕ್ಕ. ನೀವು ಕನ್ನಡದಲ್ಲಿ ಅನ್ನ ಅಂದ್ರಿ. ಅಂದ್ರೆ ಅಕ್ಕಿ ಅನ್ನ. ಅವನು ಹಿಂದಿಯಲ್ಲಿ ಕೇಳಿಸ್ಕೊಂಡ. ಆದ್ದರಿಂದ ಚಪಾತಿ, ರಾಗಿ ರೊಟ್ಟಿ ಎಲ್ಲ ತಿನ್ನಬಹುದು. ದೋಷ ಇಲ್ಲ.”

“ಅವನು ಬೆರಳು ಮಡಚಿ ಹೇಳಿದ, ನಾನು ತಲೆ ಆಡಿಸ್ದೆ,” ಎಂದರು ಅತ್ತಿಗೆ.

“ಅದು ಅರ್ಥ ಆಗದೆ ಆಡಿಸಿದ್ದು.”

“ಅರ್ಥ ಆಗಿಯೇ ಆಡಿಸಿದ್ದು ಭಟ್ರೇ. ಬೆರಳು ಮಡಚೋದಕ್ಕೆ ಹಿಂದಿ ಬೇಕಾ?”

ಪುರೋಹಿತರು ಯಜಮಾನರ ಮುಖ ನೋಡಿದರು. ಆಮೇಲೆ ಇನ್ನೊಂದು ದಾರಿ ಹಿಡಿದರು. “ಸಂಸ್ಕೃತದಲ್ಲಿ ನೋಡಿದ್ರೆ ತಿನ್ನೋದೆಲ್ಲ ಅನ್ನವೇ. ಹಾಗಂದ್ರೆ ಈ ಬಾದಾಮಿ ಬಿಸ್ಕತ್ತೂ ಅನ್ನವೇ ಆಯ್ತು. ಅದನ್ನ ತಿಂತಿದೀರಲ್ಲ?”

“ಹಾಗಾದ್ರೆ ನಾಳೆಯಿಂದ ಅದನ್ನೂ ಬಿಡ್ತೀನಿ,” ಎಂದರು ಅತ್ತಿಗೆ, ಬಹಳ ಶಾಂತವಾಗಿ.

ಪುರೋಹಿತರು ಗಡಬಡಿಸಿ, “ಬೇಡ, ಬೇಡ, ನಾನು ಹೇಳೇ ಇಲ್ಲ,” ಎನ್ನುತ್ತ ಎದ್ದರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಯಜಮಾನರು ಅಕ್ಕನ ಎದುರು ನೆಲದ ಮೇಲೆ ಕೂತರು. “ನೀನೂ ಹೋಗಿಬಿಟ್ರೆ ನಾನು ಯಾರಿಗೆ ತಮ್ಮ, ಅಕ್ಕ?” ಎಂದರು. ಅವರು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅತ್ತಿಗೆ ಅವರ ತಲೆ ಸವರಿ, “ಅವನು ಹಸಿದು ಹೊರಗೆ ನಿಂತಿರುವಾಗ ನಾನು ಒಳಗೆ ಕೂತು ಹೇಗೆ ಉಣ್ಣಲಿ ಮಾರಾಯ, ನೀನೇ ಹೇಳು,” ಎಂದರು. ಹೊರಗೆ ಯಾರೂ ನಿಂತಿಲ್ಲ ಎಂದು ನಾನಾದರೂ ಹೇಳಬಹುದಿತ್ತು. ಸುಳ್ಳು ಹೇಳಿದ ಹಾಗಾಗುತ್ತದೆ ಎನಿಸಿತು.

ಅದಾದ ಮೇಲಿನ ಕೊಯ್ಲು ಮುಗಿದ ಸಮಯ. ಯಜಮಾನರು ಕಾಫಿ ಲೋಡಿನ ಜೊತೆ ಚಿಕ್ಕಮಗಳೂರಿಗೆ ಹೋಗಿದ್ದರು. ಮನೆಯಲ್ಲಿ ಅತ್ತಿಗೆ ಮತ್ತು ನಾನು. ಬೆಳಿಗ್ಗೆ ಕೆಂಡದ ಮೇಲೆ ಹೊಸದಾಗಿ ಪಟಾಕಿ ಬೇಯಿಸಿದ್ದೆ. ಅವತ್ತಿನ ಹಿಟ್ಟಿಗೆ ತುಪ್ಪ ಕಡಿಮೆಯಾಗಿತ್ತು, ಬಹಳ ತೆಳ್ಳಗೆ ಲಟ್ಟಿಸಿಯೂ ಬಿಟ್ಟಿದ್ದೆ. ಅವರ ಎಲೆಗೆ ಬಡಿಸಿ, ಅವನ ಎಲೆಗೆ ಅನ್ನ ಹಾಕಿ, ಸಾರು ಬಿಟ್ಟು, ನನ್ನ ಎಲೆಯ ಮುಂದೆ ಕೂತೆ.

ಚಪ್ಪಲಿಯ ಸದ್ದಾಯಿತು. ನೀರಿನ ಸದ್ದಾಯಿತು. ಆಮೇಲೆ ಆ ಮೌನ.

ಅತ್ತಿಗೆ ತಮ್ಮ ಎಲೆಯಿಂದ ಒಂದು ಪಟಾಕಿ ತೆಗೆದು ಅವನ ಎಲೆಯ ತುದಿಗೆ, ಉಪ್ಪಿನ ಪಕ್ಕ ಇಟ್ಟರು. ಹಾಗೆ ಅವರು ಯಾವತ್ತೂ ಮಾಡಿದ್ದಿಲ್ಲ. “ದಿನಾ ಬರೀ ಅನ್ನ ಸಾರು ಹಾಕಿದ್ರೆ ಯಾರಿಗಾದ್ರೂ ಬೇಜಾರೇ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಹಿಂಬಾಗಿಲ ಕಡೆ ತಿರುಗಿ, ಸುಮ್ಮನೆ ದಿನನಿತ್ಯದ ದನಿಯಲ್ಲಿ ಕರೆದರು.

“ಬಾ ಮಾರಾಯ. ನಿನ್ನ ಮೇಡಂ ಪಟಾಕಿ ಮಾಡಿದಾರೆ. ಕೈ ತೊಳ್ಕೊಂಡು ಬಾ.”

ನಾನು ಹಿಂದಕ್ಕೆ ತಿರುಗಲಿಲ್ಲ. ಏನಾದರೂ ಒಂದು ಕೆಲಸ ಬೇಕಾಗಿತ್ತು ನನಗೆ. ಮಜ್ಜಿಗೆ ತರುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಮಜ್ಜಿಗೆ ಬಗ್ಗಿಸುವಾಗ ನೆಲದ ಮೇಲೆ ಚೆಲ್ಲಿತು, ಅದನ್ನು ಒರೆಸಿದೆ. ಊಟದ ಮನೆಯಿಂದ ಒಂದು ಸದ್ದು ಬಂತು, ಕರಕ್ ಎಂದು, ಒಂದೇ ಸಲ. ಹಲ್ಲಿನ ಕೆಳಗೆ ಗರಿಗರಿಯಾದದ್ದು ಮುರಿದ ಸದ್ದು. ಅತ್ತಿಗೆ ತಿನ್ನುತ್ತಿದ್ದಾರೆ ಎಂದುಕೊಂಡೆ.

ಬಂದು ನೋಡಿದರೆ ಅವರು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಎಲೆಯಲ್ಲಿ ಬಡಿಸಿದ್ದು ಹಾಗೇ ಇತ್ತು. ಅವನ ಎಲೆಯ ಪಟಾಕಿಗೆ ಒಂದು ಮೂಲೆ ಇರಲಿಲ್ಲ.

“ನೋಡ್ದ್ಯಾ?” ಎಂದರು, ಪಿಸುದನಿಯಲ್ಲಿ.

ಮಾಡಿದವಳು ನಾನು, ನನಗೆ ಗೊತ್ತು. ಮೊಟ್ಟೆ ಇಲ್ಲದ, ತುಪ್ಪ ಕಡಿಮೆಯಾದ ಹಿಟ್ಟು ತಣ್ಣಗಾಗುವಾಗ ತಾನೇ ಬಿರಿಯುತ್ತದೆ, ಕೈ ತಾಗದೆಯೂ ಮೂಲೆ ಕಳಚಿಕೊಳ್ಳುತ್ತದೆ. ಎಷ್ಟೋ ಸಲ ಡಬ್ಬಿಯೊಳಗೇ ಮುರಿದಿದ್ದವು. ಹಾಗೆ ಮುರಿದರೆ ಚೂರು ಅಲ್ಲೇ ಬಿದ್ದಿರಬೇಕು. ಮಜ್ಜಿಗೆ ಬಡಿಸುವ ನೆಪದಲ್ಲಿ ಬಗ್ಗಿ ಎಲೆಯ ಮೇಲೆ, ಎಲೆಯ ಕೆಳಗೆ, ನೆಲದ ಮೇಲೆ ಹುಡುಕಿದೆ. ಇರಲಿಲ್ಲ. ಅತ್ತಿಗೆಯ ತುಟಿಯ ಮೇಲೆ ಪುಡಿ ಇದೆಯೇ ಎಂದೂ ನೋಡಿದೆ, ದೇವರು ಕ್ಷಮಿಸಲಿ. ಅದೂ ಇರಲಿಲ್ಲ.

ಅತ್ತಿಗೆ ಕೈ ಚಾಚಿ ಅವನ ಎಲೆಯನ್ನು ನಿಧಾನವಾಗಿ ತಮ್ಮ ಮುಂದಕ್ಕೆ ಎಳೆದುಕೊಂಡರು.

“ಎಂಜಲು ಮಾಡಿದಾನೆ,” ಎಂದರು. “ಇದು ಈಗ ನನ್ನ ಅನ್ನ ಅಲ್ಲ, ಅವನ ಎಂಜಲು. ಸಣ್ಣವನಿರುವಾಗ ಅವನು ಬಿಟ್ಟಿದ್ದನ್ನೆಲ್ಲ ನಾನೇ ತಿಂತಿದ್ದಿದ್ದು. ಗಯೆಯಲ್ಲಿ ಅದನ್ನ ಬಿಡ್ತೀನಿ ಅಂತ ನಾನು ಹೇಳಿಲ್ಲ.”

ಮೊದಲು ಉಳಿದ ಪಟಾಕಿ ತಿಂದರು. ಆಮೇಲೆ ಅನ್ನಕ್ಕೆ ಕೈ ಹಾಕಿದರು. ಇಷ್ಟು ವರ್ಷ ಅನ್ನ ಮುಟ್ಟದ ಬೆರಳುಗಳಿಗೆ ಕಲಸುವುದೇ ಮರೆತಿತ್ತೇನೋ, ಮೊದಲ ತುತ್ತು ಬಾಯಿಗೆ ಹೋಗುವ ಮುನ್ನವೇ ಉದುರಿತು. ಎರಡನೆಯದು ಹೋಯಿತು. ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿದರು, ನಾನು ನೀರು ಕೊಟ್ಟೆ, ಮತ್ತೆ ತಿಂದರು. ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ನಾನು ಊಟ ಮಾಡುವುದನ್ನೇ ಮರೆತು ನೋಡುತ್ತಿದ್ದೆ.

ಸಂಜೆ ಯಜಮಾನರು ಬಂದಾಗ ಹೇಳಿದೆ. ಅವರು ಬಿದಿರಿನ ಮಾತು ಎತ್ತಲಿಲ್ಲ. ಹಿಂದಿನ ಜಗಲಿಗೆ ಹೋಗಿ, ಮೆಟ್ಟಿಲಿನ ಮೇಲೆ ತುಂಬ ಹೊತ್ತು ಕೂತಿದ್ದು ಬಂದರು. ಪುರೋಹಿತರಿಗೆ ಹೇಳಿ ಕಳಿಸಿದಾಗ ಅವರು, “ನನ್ನನ್ನು ಏನೂ ಕೇಳಬೇಡಿ, ಅಮ್ಮ ಏನು ಮಾಡ್ತಾರೋ ಅದೇ ಸರಿ,” ಎಂದರಂತೆ.

ಮರುದಿನದಿಂದ ಅತ್ತಿಗೆ ಮೂರೇ ಎಲೆ ಹಾಕಿದರು. ಅನ್ನ ಎಷ್ಟು ತಿನ್ನಬೇಕು ಎಂದು ಡಾಕ್ಟರು ಈಗ ಬೇರೆ ರೀತಿಯ ಜಗಳ ಶುರು ಮಾಡಿದರು. ಅತ್ತಿಗೆ ಗೋಡೆ ಹಿಡಿಯದೆ ನಡೆದಾಡಿದರು, ಕಣದ ಅಂಚಿನಲ್ಲಿ ನಿಂತು ಮೇಸ್ತ್ರಿಗೆ ಬೈದರು, ಇನ್ನೂ ಕೆಲವು ವರ್ಷ ನಮ್ಮ ಜೊತೆ ಇದ್ದರು. ನಾನು ಅಭ್ಯಾಸಬಲದಿಂದ ಬಾದಾಮಿ ನೆನೆಸಿದರೆ, “ಸಾಕು ಬಿಡೆ, ಅನ್ನ ಇರುವಾಗ ಅದ್ಯಾಕೆ?” ಎನ್ನುತ್ತಿದ್ದರು. ಅವರಿಗೆ ಅದು ಅಷ್ಟು ಸುಲಭವಾಗಿ ಮುಗಿದುಹೋಯಿತು. ಅವನು ಉಂಡಿದ್ದ, ಇವರು ಉಂಡಿದ್ದರು.

ಜಗಲಿಯಲ್ಲಿ ಮತ್ತೆ ಸದ್ದಾಗಲಿಲ್ಲ. ಅವನು ಸತ್ತ ಸುದ್ದಿ ಬಂದ ದಿನ ನಾನು ಸತ್ತವನಿಗಾಗಿ ಅತ್ತಿದ್ದೆ. ಈಗ ನಿಜವಾಗಿ ಹೋದವನಿಗಾಗಿ ಅತ್ತರೆ ಕಾರಣವನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಮನೆಯೆಲ್ಲ ಸಂತೋಷವಾಗಿದ್ದಾಗ. ಮಧ್ಯಾಹ್ನ ಅನ್ನದ ಚರಿಗೆ ತಂದಿಟ್ಟು, ಸಟ್ಟುಗ ಕೈಯಲ್ಲಿ ಹಿಡಿದು, ಏನೋ ಮರೆತವಳ ಹಾಗೆ ನಿಂತುಬಿಡುತ್ತಿದ್ದೆ. ಹಿಂಬಾಗಿಲಿನಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಬಿದ್ದಿರುತ್ತಿತ್ತು, ಅಡ್ಡ ಏನೂ ಇಲ್ಲದೆ.

“ಯಾರಿಗೆ ಕಾಯ್ತಿದೀಯ ಮಾರಾಯ್ತಿ?” ಎಂದು ಒಂದು ದಿನ ಅತ್ತಿಗೆ ಎಲೆಯ ಮುಂದೆ ಕೂತು ನನ್ನನ್ನು ನೋಡಿದರು. “ಬಡಿಸು, ಹಸಿವಾಗ್ತಿದೆ.”

ನಾನು ಬಗ್ಗಿ ಅವರಿಗೆ ಅನ್ನ ಬಡಿಸಿದೆ.